ಯಜಮಾನ್ರ ಹೊಟ್ಟೆಯ ಲಾಗ್‌ಬುಕ್ಕು

ಏಳು ದಿನವಾದರೂ ಯಜಮಾನ್ರು ಹೊರಕಡೆಗೆ ಹೋಗಿರಲಿಲ್ಲ. ಆ ಮನೆಯಲ್ಲಿ ಬೆಳಗಿನ ಟೀಗಿಂತ ಮೊದಲು ಬರುತ್ತಿದ್ದ ಸುದ್ದಿಯೇ ಅದು.

“ಆಯ್ತಾ?” ಬಚ್ಚಲಿನಲ್ಲಿ ಹಲ್ಲುಜ್ಜುತ್ತಲೇ ಅಪ್ಪ ಕೇಳಿದ.

“ಇಲ್ಲ,” ಅಜ್ಜಿಯ ಕೋಣೆಯಿಂದ ಮಗಳು ಹೇಳಿದಳು.

“ಒಂಚೂರೂ?”

“ಒಂಚೂರೂ ಇಲ್ಲ.”

“ಬ್ರೆಡ್ಡಿಗೆ ಜಾಮ್ ಹಚ್ತಾ ಇದೀನಿ,” ಅಮ್ಮ ಅಡುಗೆಮನೆಯಿಂದ ಕೂಗಿದಳು. “ದಯವಿಟ್ಟು ಅದರ ಸುದ್ದಿ ಈಗ ಬೇಡ.”

ಯಜಮಾನ್ರು ಅಂದರೆ ಆ ಮನೆಯ ಗಂಡಸಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕಲ್ಲಿನ ಮೇಲೆ ಕೂತಿದ್ದ ಒಂದೂವರೆ ಅಡಿ ಉದ್ದದ ಗಡ್ಡದ ಓತಿ. ಅಂಗಡಿಯವರು ಬಿಯರ್ಡೆಡ್ ಡ್ರ್ಯಾಗನ್ ಅನ್ನುತ್ತಾರೆ. ನೋಡಿದವರಿಗೆ ಮೈತುಂಬ ಮುಳ್ಳಿನ ಓತಿಕ್ಯಾತವೇ. ಮಗಳಿಗೆ ಇಪ್ಪತ್ತೊಂದು ವರ್ಷ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಊರು ಬಿಟ್ಟು ಹೋದ ಗೆಳತಿಯೊಬ್ಬಳು ಅಳುತ್ತಾ ಕೊಟ್ಟದ್ದನ್ನು, “ಇದು ಇರೋವರೆಗೂ ನಾನು ನೋಡ್ಕೋತೀನಿ” ಎಂದು ಮಾತು ಕೊಟ್ಟು ಮನೆಗೆ ತಂದಿದ್ದಳು. ಹೆಸರಿಟ್ಟವಳು ಅಜ್ಜಿ.

“ಬೆಳಗಿಂದ ಸಂಜೆವರೆಗೂ ಬೆಚ್ಚಗೆ ಒಂದೇ ಕಡೆ ಕೂತಿರುತ್ತೆ. ಊಟ ಮುಂದಕ್ಕೇ ಬರ್ಬೇಕು. ತಂದುಕೊಟ್ಟವರ ಮುಖ ಕೂಡ ನೋಡಲ್ಲ. ನಮ್ಮ ಯಜಮಾನ್ರು ಹೋಗಿ ಒಂಬತ್ತು ವರ್ಷ ಆಯ್ತು, ವಾಪಸ್ ಬಂದ್ರೇನೋ ಅಂದ್ಕೊಂಡೆ,” ಎಂದಿದ್ದಳು.

ಪೆಟ್ಟಿಗೆಯನ್ನು ಅಜ್ಜಿಯ ಕೋಣೆಯಲ್ಲಿ ಇಟ್ಟಿದ್ದರು. ಅದರ ದೀಪಕ್ಕೆ ಖಾಲಿ ಪ್ಲಗ್ ಇದ್ದದ್ದು ಅಲ್ಲೊಂದೇ. “ಎರಡು ವಾರ ಅಷ್ಟೇ ಅಜ್ಜಿ, ಆಮೇಲೆ ಬೇರೆ ಕಡೆ ನೋಡೋಣ” ಎಂದು ಮಗಳು ಹೇಳಿ ಮೂರು ತಿಂಗಳಾಗಿತ್ತು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ; ಹೇಳಿದ್ದರು, ಅಷ್ಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು ಅವಳು. ಮೊನ್ನೆ ಮೊನ್ನೆ ಎಡಗಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು.

ಅಂದು ತಿಂಡಿಯ ಮೇಜಿನಲ್ಲಿ ವಿಚಾರಣೆ ಶುರುವಾಯಿತು.

“ಮರಳೇ ಕಾರಣ,” ಮಗಳು ಹೇಳಿದಳು. “ಪೆಟ್ಟಿಗೇಲಿ ಮರಳು ಹಾಕ್ಬೇಡಿ ಅಂದೆ. ಹುಳದ ಜೊತೆ ಮರಳೂ ನುಂಗಿದೆ.”

“ಮರಳು ಮೂರು ತಿಂಗಳಿಂದ ಇದೆ,” ಅಪ್ಪ ಹೇಳಿದ. “ಹೊಟ್ಟೆ ಕಟ್ಟಿರೋದು ಒಂದು ವಾರದಿಂದ. ನಿಮ್ಮಮ್ಮನ ಸೊಪ್ಪು ನೋಡು.”

“ನನ್ನ ಸೊಪ್ಪಿಗೇನಾಗಿದೆ?” ಅಮ್ಮ ಚಾಕು ಕೆಳಗಿಟ್ಟಳು. ಅವಳು ದೊಡ್ಡ ದಿನಸಿ ಮಳಿಗೆಯೊಂದರ ತರಕಾರಿ ವಿಭಾಗ ನೋಡಿಕೊಳ್ಳುತ್ತಿದ್ದಳು. “ನಿಮಗಿಂತ ಒಳ್ಳೇ ಸೊಪ್ಪು ಅದಕ್ಕೇ ತರ್ತಾ ಇದೀನಿ. ನೀವು ಬೆಳಿಗ್ಗೆ ಎದ್ದು ಕದ್ದು ಹಾಕ್ತೀರಲ್ಲ, ಆ ಗಟ್ಟಿ ಸಿಪ್ಪೆ ಹುಳ, ಅದು ನೋಡಿ.”

“ಅಪ್ಪ ಎರಡೇ ಹಾಕೋದು,” ಮಗಳು ಅಪ್ಪನ ಪರ ನಿಂತಳು.

“ಓತಿಕ್ಯಾತಕ್ಕೆ ಬೇಲಿ ಸಾಕ್ಷಿ,” ಅಮ್ಮ ಹೇಳಿದಳು.

“ಆ ದೀಪ ಇದೆಯಲ್ಲ,” ಅಜ್ಜಿ ಬಾಯಿ ತೆರೆದಳು.

“ದೀಪ ಹೊಸದು ಅಜ್ಜಿ. ಕೆಟ್ಟಿರೋಕೆ ಸಾಧ್ಯಾನೇ ಇಲ್ಲ.”

“ಕೆಟ್ಟಿದೆ ಅಂತ ನಾನೆಲ್ಲಂದೆ?”

ಆದರೆ ಅಷ್ಟರಲ್ಲಿ ಮಾತು ಮತ್ತೆ ಮರಳಿಗೆ ಹೋಗಿತ್ತು. ಆ ಮನೆಯಲ್ಲಿ ನಾಲ್ಕು ಬಾಯಿಗಳಿದ್ದವು, ಕಿವಿಗಳು ಇದ್ದದ್ದು ಲೆಕ್ಕಕ್ಕೆ ಮಾತ್ರ. ಅಜ್ಜಿ ಬ್ರೆಡ್ಡನ್ನು ಟೀಯಲ್ಲಿ ಅದ್ದಿಕೊಂಡು ತಿಂದು, ತನ್ನ ಲೋಟ ತಾನೇ ತೊಳೆದಿಟ್ಟು ಹೋದಳು. ಫ್ರಿಜ್ಜಿನ ಬಾಗಿಲಿಗೆ ಮಗಳು ಹೊಸದಾಗಿ ‘ಏನು ಕೊಡಬಹುದು, ಏನು ಕೊಡಬಾರದು’ ಎಂಬ ಪಟ್ಟಿ ಅಂಟಿಸಿದ್ದಳು. ಅಯಸ್ಕಾಂತ ಒಂದೇ ಇದ್ದದ್ದರಿಂದ, ಮೊದಲೇ ಅಲ್ಲಿದ್ದ ಯಾವುದೋ ಚೀಟಿಯ ಮೇಲೆ ಆ ಪಟ್ಟಿ ಕೂತಿತ್ತು.

ಅಂದೇ ಸಂಜೆ ಅಪ್ಪ ಕೆಲಸದಿಂದ ಬರುವಾಗ ಒಂದು ಉದ್ದನೆಯ ಪುಸ್ತಕ ತಂದ. ಅವನು ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕು ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲಿದ್ದವು. ಒಂದೊಂದರ ಮೆಷಿನ್ ಕೋಣೆಯಲ್ಲೂ ಇಂಥ ಪುಸ್ತಕವೊಂದು ಮೊಳೆಗೆ ತೂಗುತ್ತಿರುತ್ತದೆ.

“ಇದೇನ್ರೀ?” ಅಮ್ಮ ಕೇಳಿದಳು.

“ಲಾಗ್‌ಬುಕ್ಕು. ಲಿಫ್ಟು ಎರಡು ಮಹಡಿ ನಡುವೆ ಸಿಕ್ಕೊಂಡ್ರೆ ಮೊದಲು ಏನು ನೋಡ್ತೀವಿ? ಇದನ್ನೇ. ಯಾರು ಏನು ಮಾಡಿದ್ರೂ ಬರೀಬೇಕು. ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ. ಬರೆದಿಟ್ರೆ ತಪ್ಪು ತಾನಾಗೇ ಸಿಗುತ್ತೆ.”

ಪುಸ್ತಕದ ಮೊದಲ ಪುಟದಲ್ಲಿ ‘ಲಿಫ್ಟ್ ಸಂಖ್ಯೆ’ ಎಂದು ಅಚ್ಚಾಗಿದ್ದ ಕಡೆ ಅಪ್ಪ ‘ಯಜಮಾನ್ರು’ ಎಂದು ಬರೆದ. ‘ಗರಿಷ್ಠ ಭಾರ’ ಎಂಬಲ್ಲಿ ಬರೆಯಲು ಮಗಳು ಅಡುಗೆಮನೆಯ ತಕ್ಕಡಿಯಲ್ಲಿ ಓತಿಯನ್ನು ತೂಗಿ ತಂದಳು. ನಾನೂರ ಮೂವತ್ತು ಗ್ರಾಂ. ಇನ್ನು ಮೇಲೆ ಆ ತಕ್ಕಡಿಯಲ್ಲಿ ಹಿಟ್ಟು ತೂಗುವುದಿಲ್ಲ ಎಂದು ಅಮ್ಮ ಸಾರಿದಳು. ಒಳಗಿನ ಪುಟಗಳಲ್ಲಿ ದಿನಾಂಕ, ವೇಳೆ, ಮಾಡಿದ ಕೆಲಸ, ಸಹಿ, ಷರಾ ಎಂದು ಕಾಲಂಗಳಿದ್ದವು. ಕೊನೆಯದು ‘ಓದಿ ಪರಿಶೀಲಿಸಿದವರ ಸಹಿ’.

“ಅಮ್ಮ, ಹಗಲು ಮನೇಲಿರೋಳು ನೀನೊಬ್ಬಳೇ,” ಅಪ್ಪ ಅಜ್ಜಿಗೆ ಹೇಳಿದ. “ಪೆಟ್ಟಿಗೆಗೆ ಥರ್ಮಾಮೀಟರ್ ಅಂಟಿಸಿದೀನಿ. ಹನ್ನೆರಡಕ್ಕೊಂದು ಸಲ, ಮೂರಕ್ಕೊಂದು ಸಲ ನೋಡಿ ಬರಿ.”

“ಬರೆಯೋದೇನು ದೊಡ್ಡ ವಿಷಯ? ಮೂವತ್ತು ವರ್ಷ ಹಾಸಿಗೆ ಬಟ್ಟೆ ಎಣಿಸಿ ಬರೆದಿದೀನಿ. ಒಂದು ದಿನ ಒಂದು ದಿಂಬಿನ ಚೀಲ ಹೆಚ್ಚುಕಮ್ಮಿ ಆಗಿಲ್ಲ. ಓದೋರು ಯಾರು?”

“ನಾನಿದೀನಲ್ಲಮ್ಮ.”

ಪೆನ್ನಿಗೆ ದಾರ ಕಟ್ಟಿ ಪುಸ್ತಕವನ್ನು ಪೆಟ್ಟಿಗೆಯ ಪಕ್ಕ ಮೊಳೆಗೆ ತೂಗುಹಾಕಿದರು.

ಬರೆಯುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಆರೂಕಾಲಿಗೆ ಅಪ್ಪ ‘ಹುಳ 6, ಚುರುಕಾಗಿ ತಿಂದಿತು’ ಎಂದು ಬರೆದು ಸಹಿ ಹಾಕಿದ. ಆರೂ ಮುಕ್ಕಾಲಿಗೆ ಅಮ್ಮ ‘ಸೊಪ್ಪು ಒಂದು ಹಿಡಿ, ಸಣ್ಣಗೆ ಹೆಚ್ಚಿದ್ದು’ ಎಂದು ಬರೆದಳು. ಏಳೂವರೆಗೆ ಮಗಳು ‘ಮಿಡತೆ 4, ಪಾಪ ಹಸಿದಿತ್ತು’ ಎಂದು ಬರೆದಳು. ಹೊಟ್ಟೆ ಕಟ್ಟಿದ ಪ್ರಾಣಿಗೆ ಒಂದೇ ಬೆಳಿಗ್ಗೆ ಮೂರು ಊಟ. ತನ್ನ ಸಾಲಿನ ಮೇಲಿನ ಸಾಲನ್ನು ಓದುವಷ್ಟು ಪುರುಸೊತ್ತು ಮೂವರಲ್ಲಿ ಒಬ್ಬರಿಗೂ ಇರಲಿಲ್ಲ. ಎಂಟೂವರೆಗೆ ಮೂವರೂ ಮೂರು ಬಸ್ಸು ಹಿಡಿದು ಹೋಗುತ್ತಿದ್ದರು. ಮಧ್ಯಾಹ್ನದ ಸಾಲುಗಳು ಅಜ್ಜಿಯವು. ದುಂಡಗಿನ ಅಕ್ಷರ, ಕೆಳಗೆ ಪೂರ್ತಿ ಸಹಿ.

ಹತ್ತನೆಯ ದಿನ ಭಾನುವಾರ. ಅಪ್ಪ ಮರಳನ್ನೆಲ್ಲ ಬಾಚಿ ತೆಗೆದು ಹಳೆಯ ಪತ್ರಿಕೆ ಹಾಸಿದ. ಹನ್ನೊಂದನೆಯ ದಿನ ಸಾಕುಪ್ರಾಣಿ ಅಂಗಡಿಯವನು ಫೋನಿನಲ್ಲಿ ಎಣ್ಣೆ ಕುಡಿಸಿ ಎಂದ. ಒಂದು ಹನಿ ಎಣ್ಣೆಗೆ ಮೂರು ಜನ ಬೇಕಾಯಿತು. ಎಣ್ಣೆ ಅಪ್ಪನ ಅಂಗಿಗೆ ಹೋಯಿತು. ಹದಿಮೂರನೆಯ ದಿನ ಅಮ್ಮ ಕುಂಬಳಕಾಯಿ ಬೇಯಿಸಿ ನುಣ್ಣಗೆ ಅರೆದು ತಂದಳು.

“ನನಗೆ ಹುಷಾರಿಲ್ಲ ಅಂದಾಗ ಯಾರೂ ಸೂಪು ಮಾಡಿಕೊಡ್ಲಿಲ್ಲ,” ಅಂದಳು. “ಇದಕ್ಕೆ ಕುಂಬಳಕಾಯಿ ಅರೀತಾ ಇದೀನಿ.”

ಯಜಮಾನ್ರು ಕುಂಬಳಕಾಯಿಯ ಕಡೆ ಒಂದು ಕಣ್ಣು ತಿರುಗಿಸಿ, ಆ ಕಣ್ಣನ್ನೂ ಮುಚ್ಚಿಕೊಂಡರು.

ದಿನಾ ಸಂಜೆ ಮಗಳು ಬೆಚ್ಚಗಿನ ನೀರಿನಲ್ಲಿ ಅದನ್ನು ಕೂರಿಸಿ ಹೊಟ್ಟೆ ನೀವುತ್ತಿದ್ದಳು. ಬಚ್ಚಲು ಒಂದೇ. ಹೊರಗೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದ.

“ಇನ್ನೂ ಎಷ್ಟೊತ್ತು?”

“ಇಪ್ಪತ್ತು ನಿಮಿಷ.”

“ಮೈಯೆಲ್ಲ ಗ್ರೀಸು ಕಣೇ. ಮನುಷ್ಯರಿಗೂ ಸ್ನಾನ ಬೇಕು.”

“ನೀನು ದಿನಾ ಹೋಗ್ತೀಯಲ್ಲಪ್ಪ. ಅದು ಹೋಗಿ ಹದಿನಾಲ್ಕು ದಿನ ಆಯ್ತು.”

ಅಂದು ರಾತ್ರಿ ಊಟದಲ್ಲಿ ಅಮ್ಮ ಸೌಟನ್ನು ಪಾತ್ರೆಗೆ ಬಡಿದಳು. “ಈ ಭಾನುವಾರದವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಅದನ್ನ ಅಂಗಡಿಯವನಿಗೇ ಕೊಟ್ಟು ಬರ್ಬೇಕು. ಬದುಕ್ಸೋಕೆ ಗೊತ್ತಿರೋರ ಹತ್ರ ಇರ್ಲಿ.”

“ಕೊಡಲ್ಲ,” ಮಗಳು ತಟ್ಟೆ ತಳ್ಳಿದಳು. “ಮಾತು ಕೊಟ್ಟಿದೀನಿ.”

“ಮಾತು ನೀನು ಕೊಟ್ಟೆ. ಸೊಪ್ಪು ನಾನು ಹೆಚ್ತಾ ಇದೀನಿ.”

“ಎತ್ತು ಏರಿಗೆ, ಕೋಣ ನೀರಿಗೆ,” ಎಂದು ಅಜ್ಜಿ ತನ್ನಷ್ಟಕ್ಕೆ ಹೇಳಿಕೊಂಡು ಆಲೂಗಡ್ಡೆ ಕಿವುಚಿಕೊಂಡಳು.

ಹದಿನೇಳನೆಯ ದಿನ ಬೆಳಿಗ್ಗೆ ಅಮ್ಮನೇ ಮೊದಲು ನೋಡಿದ್ದು. ಸೊಪ್ಪಿನ ತಟ್ಟೆ ಇಡಲು ಹೋದವಳು ಅಲ್ಲೇ ನಿಂತುಬಿಟ್ಟಳು. ಓತಿ ಮುಂಗಾಲು ಎತ್ತಿ ಇಡುತ್ತಿತ್ತು. ಹಿಂಗಾಲು ಹಿಂದೆಯೇ ಎಳೆದುಕೊಂಡು ಬರುತ್ತಿತ್ತು.

“ಏಳೇ,” ಮಗಳನ್ನು ಅಲುಗಿಸಿದಳು. “ಅದರ ಕಾಲಿಗೆ ಏನೋ ಆಗಿದೆ. ಏಳು, ಡಾಕ್ಟರಿಗೆ ಫೋನ್ ಮಾಡು.” ಅಂಗಡಿಗೆ ಕೊಟ್ಟುಬರುವ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಓತಿ, ಹಾವು ನೋಡುವ ಡಾಕ್ಟರು ಪೇಟೆಯ ಇನ್ನೊಂದು ತುದಿಯಲ್ಲಿದ್ದರು. ಮರುದಿನಕ್ಕೆ ಸಮಯ ಕೊಟ್ಟರು. ಅಪ್ಪ ರಜೆ ಹಾಕಿದ. ರಟ್ಟಿನ ಡಬ್ಬಿಗೆ ಟವೆಲ್ ಹಾಸಿ, ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು, ಎರಡು ಬಸ್ಸು ಬದಲಾಯಿಸಿ ಹೋದರು. ಅಪ್ಪನ ಕಂಕುಳಲ್ಲಿ ಲಾಗ್‌ಬುಕ್ಕು.

ಡಾಕ್ಟರಮ್ಮ ಮಾತು ಕಮ್ಮಿಯವರು. ಹೊಟ್ಟೆ ಮುಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು.

“ಮರಳಿಲ್ಲ. ತಿಂದದ್ದೇ ಗಟ್ಟಿಯಾಗಿ ಕೂತಿದೆ, ಬೆನ್ನಿನ ನರಕ್ಕೆ ಒತ್ತುತಾ ಇದೆ. ದೀಪದ ಕೆಳಗೆ ಶಾಖ ಎಷ್ಟಿರುತ್ತೆ?”

“ನಲವತ್ತು,” ಮಗಳು ತಟ್ಟನೆ ಹೇಳಿದಳು. “ದಿನಾ ನಲವತ್ತು.”

“ಬರೆದಿಟ್ಟಿದೀವಿ ಡಾಕ್ಟ್ರೇ,” ಎಂದು ಅಪ್ಪ ಹೆಮ್ಮೆಯಿಂದ ಪುಸ್ತಕ ಮುಂದಿಟ್ಟ. “ಹತ್ತು ದಿನದ್ದು. ಒಂದು ಹೊತ್ತೂ ಬಿಟ್ಟಿಲ್ಲ.”

ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಓದಿದರು. ಒಂದು ಪುಟ ತಿರುವಿದರು. ಮತ್ತೆ ಹಿಂದಿನ ಪುಟಕ್ಕೆ ಬಂದರು.

“ಹನ್ನೆರಡು ಗಂಟೆ, ಇಪ್ಪತ್ತಮೂರು ಡಿಗ್ರಿ. ಮೂರು ಗಂಟೆ, ಇಪ್ಪತ್ನಾಲ್ಕು. ಮರುದಿನಾನೂ ಹಾಗೇ. ಭಾನುವಾರ ಬಿಟ್ರೆ ಹತ್ತು ದಿನಾನೂ ಹಾಗೇ. ಈ ದುಂಡಗಿನ ಅಕ್ಷರ ಯಾರದು?”

“ನಮ್ಮ ತಾಯೀದು,” ಅಪ್ಪ ಹೇಳಿದ.

“ಷರಾದಲ್ಲಿ ಬರೆದಿದಾರೆ ನೋಡಿ. ‘ಒಂಬತ್ತಕ್ಕೆ ದೀಪ ಆರಿಸಿದೆ. ಆಪರೇಷನ್ ಆದ ಕಣ್ಣು ಉರಿಯುತ್ತದೆ. ಐದಕ್ಕೆ ಹಾಕಿದೆ.’ ಮಾರನೇ ದಿನ, ‘ಮೇಲಿನಂತೆ.’ ಆಮೇಲೆಲ್ಲ ಮೇಲಿನಂತೆ, ಮೇಲಿನಂತೆ.”

ಅಪ್ಪ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ಮಗಳು ಅವನ ಹೆಗಲ ಮೇಲಿಂದ ಬಗ್ಗಿದಳು.

“ಇವಕ್ಕೆ ಮೈಯೊಳಗೆ ಸ್ವಂತ ಬಿಸಿ ಇಲ್ಲ,” ಡಾಕ್ಟರಮ್ಮ ಹೇಳಿದರು. “ಹೊರಗಿನ ಶಾಖ ಇದ್ರೇನೇ ತಿಂದದ್ದು ಅರಗೋದು. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ, ಹಗಲೆಲ್ಲ ತಣ್ಣಗಿಟ್ಟಿದೀರ. ಐದು ದಿನ ಊಟ ಬೇಡ. ಹಗಲು ಪೂರ್ತಿ ಶಾಖ, ಎರಡು ಹೊತ್ತು ಬೆಚ್ಚಗಿನ ನೀರು, ಈ ಔಷಧಿ. ಹೋದ್ರೆ ಸರಿ. ಹೋಗ್ಲಿಲ್ಲ ಅಂದ್ರೆ ಹೊಟ್ಟೆ ಕೊಯ್ಯಬೇಕು. ಆಮೇಲೆ ಬದುಕುತ್ತೆ ಅಂತ ನಾನು ಹೇಳಲ್ಲ.” ಪುಸ್ತಕದ ಕೊನೆಯ ಕಾಲಂ ಮೇಲೆ ಬೆರಳಿಟ್ಟರು. “ಇಲ್ಲಿ ಯಾರ ಸಹಿಯೂ ಇಲ್ಲವಲ್ಲ.”

ಅಪ್ಪ ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡ. ಹದಿನಾಲ್ಕು ಕಟ್ಟಡಗಳಲ್ಲೂ ಆ ಕಾಲಂಗೆ ತಿಂಗಳ ಕೊನೆಯಲ್ಲಿ ಒಂದೇ ಸಲಕ್ಕೆ ಓದದೆ ಸಹಿ ಹಾಕುವವನು ಅವನು. ಇಲ್ಲಿ ಅದನ್ನೂ ಹಾಕಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಅಡುಗೆಮನೆಯ ಮೇಜಿನಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು.

“ಅಜ್ಜಿ, ದಿನಾ ದೀಪ ಆರಿಸ್ತಿದ್ದೆಯಾ?”

“ಹೌದು. ಬರೆದಿದೀನಲ್ಲ.”

“ಅದರ ಹೊಟ್ಟೆ ಕಟ್ಟಿದ್ದು ಅದಕ್ಕೇ! ಅದು ಸಾಯ್ತಾ ಇತ್ತು, ಗೊತ್ತಾ? ಶಾಖ ಇಲ್ದೆ ಅದಕ್ಕೆ ಏನೂ ಅರಗಲ್ಲ!”

ಅಜ್ಜಿಯ ಕೈ ನಿಂತಿತು. ಡಬ್ಬಿಯ ಕಡೆ ನೋಡಿದಳು. “ಶಾಖಾನಾ?” ಎಂದಳು. “ಇದನ್ನ ನನಗೆ ಯಾರು ಹೇಳಿದ್ರಿ?”

ಯಾರೂ ಹೇಳಿರಲಿಲ್ಲ.

“ದೀಪ ಅಂದ್ರಿ. ಬೆಳಕಿಗೆ ಅಂದ್ಕೊಂಡೆ. ಹಗಲು ಹೊತ್ತು ಬೆಳಕು ಯಾಕೆ ಅಂತ ಆರಿಸ್ದೆ. ಮೂವತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದವಳಿಗೆ ಶಾಖ ಹೇಗೆ ಕೊಡೋದು ಅಂತ ಗೊತ್ತಿಲ್ವಾ? ಒಂದು ಮಾತು ಹೇಳಿದ್ರೆ ಮಡಿಲಲ್ಲಿ ಇಟ್ಕೊಂಡು ಕೂತಿರ್ತಿದ್ದೆ.”

“ಕಣ್ಣು ಉರಿಯುತ್ತೆ ಅಂತ ನೀನು ಹೇಳ್ಬಾರ್ದಾಗಿತ್ತಾ ಅಮ್ಮ?” ಅಪ್ಪ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ತಪ್ಪಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು.

“ಹೇಳೋಕೆ ಬಂದೆ. ದೀಪ ಹೊಸದು ಅಂದ್ರಿ. ಆಮೇಲೆ ನೀನೇ ಅಂದೆ, ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ, ಬರಿ ಅಂತ. ಬರೆದೆ. ಹತ್ತು ದಿನ ಬರೆದೆ.”

“ನಾನು ಕಪ್ಪು ಕನ್ನಡಕ ತಂದುಕೊಟ್ಟಿದ್ದೆ,” ಮಗಳು ಬಿಡಲಿಲ್ಲ.

“ಕಪ್ಪು ಕನ್ನಡಕ ಹಾಕ್ಕೊಂಡು ಮಲಗ್ಲಾ? ನಾನೇನು ಸಿನಿಮಾ ನಟೀನಾ?”

ಅಷ್ಟರಲ್ಲಿ ಅಮ್ಮ ಕೆಲಸದಿಂದ ಬಂದಳು. ವಿಷಯ ಕೇಳಿದವಳೇ ಚೀಲ ನೆಲಕ್ಕೆ ಹಾಕಿ ಮಗಳ ಮೇಲೆ ತಿರುಗಿದಳು. “ಬೀದೀಲಿ ಹೋಗೋರ ಕಣ್ಣೆಲ್ಲ ಪರೀಕ್ಷೆ ಮಾಡ್ತೀಯ. ಅಜ್ಜಿ ಕಣ್ಣು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ.”

“ನಿನಗೆ ಕಂಡಿತ್ತಾ?”

ಅಮ್ಮ ಬೀನ್ಸ್ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಆ ಸಂಜೆಯೇ ಪೆಟ್ಟಿಗೆಯನ್ನು ಅಪ್ಪ ಅಮ್ಮನ ಕೋಣೆಗೆ ಸಾಗಿಸಿದರು. ಮಂಚ ಗೋಡೆಗೆ ತಗುಲಿತು, ಬೀರುವಿನ ಒಂದು ಬಾಗಿಲು ತೆರೆಯದಂತಾಯಿತು. ಇನ್ನು ಮೇಲೆ ಅಪ್ಪ ಮಂಚದ ಕಾಲಿನ ಕಡೆಯಿಂದ ತೆವಳಿಕೊಂಡು ತನ್ನ ಜಾಗಕ್ಕೆ ಹೋಗಬೇಕು. ಖಾಲಿ ಪ್ಲಗ್ ಇಲ್ಲ ಎಂದು ಮೂರು ತಿಂಗಳು ಹೇಳುತ್ತಿದ್ದ ಕೋಣೆಗೆ ಹೊಸ ಪ್ಲಗ್ ಹಾಕಲು ಅವನಿಗೆ ಹಿಡಿದದ್ದು ನಲವತ್ತು ನಿಮಿಷ.

ಎರಡು ದಿನ ಅಜ್ಜಿ ಯಾರ ಜೊತೆಗೂ ಮಾತಾಡಲಿಲ್ಲ, ಯಜಮಾನ್ರ ಜೊತೆ ಬಿಟ್ಟು. ಬೆಳಗಿನ ಸ್ನಾನ ತನ್ನದು ಎಂದು ಪುಸ್ತಕದಲ್ಲೇ ಬರೆದು ತಿಳಿಸಿದಳು. ಹನ್ನೊಂದು ಗಂಟೆಗೆ ಬಟ್ಟೆ ನೆನೆಸುವ ಟಬ್ಬಿಗೆ ನೀರು ಹಾಕಿ, ಮೊಣಕೈ ಅದ್ದಿ ಶಾಖ ನೋಡಿ, ಓತಿಯನ್ನು ಕೂರಿಸುತ್ತಿದ್ದಳು. ಕುತ್ತಿಗೆಯ ಕೆಳಗಿಂದ ಬಾಲದ ಕಡೆಗೆ, ಸುಕ್ಕು ತೆಗೆಯುವಂತೆ ಹೊಟ್ಟೆ ನೀವುತ್ತಿದ್ದಳು. ನೀರು ಆರುತ್ತಾ ಬಂದರೆ ಚೊಂಬಿನಲ್ಲಿ ಬಿಸಿನೀರು ಸೇರಿಸುತ್ತಿದ್ದಳು.

“ನಿನಗೆ ನಾನು ಮಾಡಿದ್ದು ತಪ್ಪೇ,” ಎಂದು ಅದಕ್ಕೊಂದಕ್ಕೇ ಕೇಳುವಂತೆ ಹೇಳಿದಳು. “ಅವರಿಗೆ ಹೇಳಲ್ಲ. ನಿನಗೆ ಹೇಳ್ತೀನಿ.”

ಓತಿ ಗಡ್ಡ ಒಂದಿಷ್ಟು ಉಬ್ಬಿಸಿತು. ಏನೂ ಆಗಲಿಲ್ಲ. ಮಗಳು ಅಂಗಡಿಯಿಂದ ಗಂಟೆಗೊಂದು ಸಲ ಫೋನ್ ಮಾಡಿದಳು, ಅಜ್ಜಿ ಎತ್ತಲಿಲ್ಲ. ಮೂರನೆಯ ದಿನವೂ ಪೆಟ್ಟಿಗೆಗೆ ಹಾಸಿದ ಕಾಗದ ಚೊಕ್ಕಟವಾಗಿಯೇ ಇತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಆಪರೇಷನ್ನಿಗೆ ದಿನ ಕೇಳಿ ಇಟ್ಟುಕೊಂಡರು. ರಾತ್ರಿ ಮಗಳು ಪೆಟ್ಟಿಗೆಯ ಮುಂದೆ ಕೂತು, ಗೆಳತಿಗೆ ಏನು ಹೇಳಲಿ ಎಂದು ಅತ್ತಳು. ಅಮ್ಮ ಅವಳ ಪಕ್ಕ ಹೋಗಿ ಕೂತಳು, ಬೈಯಲಿಲ್ಲ.

ಇಪ್ಪತ್ತೆರಡನೆಯ ದಿನ ಸಂಜೆ ಮಗಳು, ಅವಳ ಹಿಂದೆ ಅಮ್ಮ, ಐದು ನಿಮಿಷ ಬಿಟ್ಟು ಅಪ್ಪ ಬಂದರು. ಈಗ ಮೂವರಿಗೂ ಒಂದೇ ಅಭ್ಯಾಸ. ಕೈಕಾಲು ತೊಳೆಯುವ ಮೊದಲು ಪುಸ್ತಕದ ಹತ್ತಿರ ಹೋಗುವುದು. ಮೂರು ತಲೆಗಳು ಒಂದೇ ಪುಟದ ಮೇಲೆ ಬಗ್ಗಿದವು.

‘11.20. ಟಬ್ಬಿನಲ್ಲಿ ಹೋಯಿತು. ಮೊದಲು ಗಟ್ಟಿ, ಆಮೇಲೆ ಸಲೀಸು. ತುಂಬ ಹೋಯಿತು. ಟಬ್ಬು ಮೂರು ಸಲ ತೊಳೆದೆ. 12.00, ಶಾಖ 40. 3.00, ಶಾಖ 40. ಹಿಂಗಾಲು ಎತ್ತಿ ಇಡುತ್ತಿದೆ.’

“ಹೋಯ್ತು!” ಮಗಳು ಕಿರುಚಿದಳು. “ಅಮ್ಮ, ಹೋಯ್ತು!” ಅಪ್ಪ ಮಂಚದ ಮೇಲೆ ಧೊಪ್ಪನೆ ಕೂತ. ಎರಡು ವಾರ ಅದರ ಸುದ್ದಿ ಎತ್ತಬೇಡಿ ಎಂದಿದ್ದ ಅಮ್ಮ, “ಎಷ್ಟು ಹೋಯ್ತಂತೆ? ತುಂಬ ಅಂತ ಬರೆದಿದಾರಾ?” ಎಂದು ಎರಡು ಸಲ ಕೇಳಿದಳು. ಕಲ್ಲಿನ ಮೇಲೆ ಯಜಮಾನ್ರು ದೀಪಕ್ಕೆ ಹೊಟ್ಟೆಯೊಡ್ಡಿ, ಬಾಯಿ ಅರೆ ತೆರೆದು ಕೂತಿದ್ದರು.

ಮಗಳ ಬೆರಳು ಸಾಲಿನ ಕೊನೆಗೆ ಬಂತು. ಷರಾ ಕಾಲಂ ಇನ್ನೂ ಓದಿರಲಿಲ್ಲ. ಓದಿದಳು. ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ ಓದಿದಳು.

“‘ಎಡಗಣ್ಣು ಮಂಜು ಮಂಜು. ಬೆಳಕು ನೋಡಿದರೆ ಈಗಲೂ ಉರಿ. ಕಣ್ಣಿನ ಡಾಕ್ಟರಿಗೆ ತೋರಿಸಬೇಕಾಗಿದ್ದ ದಿನ ದಾಟಿ ಹದಿನಾರು ದಿನ. ಚೀಟಿ ಫ್ರಿಜ್ಜಿನ ಮೇಲಿದೆ, ಓತಿಯ ಊಟದ ಪಟ್ಟಿಯ ಅಡಿಯಲ್ಲಿ.’”

ಅಮ್ಮ ಅಡುಗೆಮನೆಗೆ ಹೋಗಿ ಪಟ್ಟಿಯನ್ನು ಎತ್ತಿ ನೋಡಿದಳು. ಚೀಟಿ ಅಲ್ಲೇ ಇತ್ತು. ತಪ್ಪದೆ ಬರತಕ್ಕದ್ದು ಎಂದು ಕೆಂಪು ಅಕ್ಷರದಲ್ಲಿತ್ತು. ತಾರೀಖಿನ ಸುತ್ತ ಅಜ್ಜಿ ತಾನೇ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಹಾಕಿದ್ದಳು.

“ಅಜ್ಜಿ,” ಮಗಳು ಕೂಗಿದಳು. “ನಾಳೆ ಬೆಳಿಗ್ಗೆ ಹೋಗೋಣ. ನಾನು ರಜೆ ಹಾಕ್ತೀನಿ.”

ಅಜ್ಜಿ ತನ್ನ ಕತ್ತಲೆ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಮೂವರನ್ನೂ ಬಲಗಣ್ಣಿನಲ್ಲಿ ನೋಡಿದಳು.

“ಓದಿದ್ರಾ?”

“ಓದಿದ್ವಿ ಅಮ್ಮ,” ಅಪ್ಪ ಹೇಳಿದ.

“ಹಾಗಾದ್ರೆ ಕೊನೇ ಕಾಲಂನಲ್ಲಿ ಸಹಿ ಹಾಕಿ. ಮೂವರೂ.”

ಪೆನ್ನಿನ ದಾರ ಗಿಡ್ಡ. ಒಬ್ಬರ ಹಿಂದೆ ಒಬ್ಬರು ಬಗ್ಗಿ ಹಾಕಬೇಕಾಯಿತು.